ಹಾಳೆಯ ಹಿಂದಿನ ಪ್ರಶ್ನೆ

ಅರವತ್ತೆರಡನೆಯ ವಯಸ್ಸಿನಲ್ಲಿ ಮೊದಲ ಲ್ಯಾಪ್‌ಟಾಪ್ ಕೊಳ್ಳಲು ಹೊರಟವಳನ್ನು ಕಂಡರೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಈಗ ಯಾಕೆ? ಇಗರ್ಜಿಯ ಅಂಗಳದಲ್ಲಿ ಕೇಳಿದರು, ಕಾವೂರಿನ ಬಸ್ಸಿನಲ್ಲಿ ಕೇಳಿದರು, ಮೀನಿನವಳೂ ಬಿಡಲಿಲ್ಲ. ಕಾಲ ಬದಲಾಗಿದೆ, ನಾವೂ ಕಲಿಯಬೇಕಲ್ಲ ಎಂದು ಎಲ್ಲರಿಗೂ ಹೇಳಿದೆ. ಅದು ಸುಳ್ಳು. ನಿಮ್ಮೊಡನೆ ಮುಚ್ಚುಮರೆ ಯಾಕೆ?

ನಿಜವೇನೆಂದರೆ, ಒಂದು ವರ್ಷದಿಂದ ನನ್ನ ಬಲಗೈ ನಡುಗುತ್ತಿದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು ನಾನು. ಅಕ್ಷರ ಮುತ್ತಿನಂತಿರಬೇಕು ಎಂದು ಎಷ್ಟೋ ಮಕ್ಕಳ ಗೆಣ್ಣಿಗೆ ಸ್ಕೇಲಿನಿಂದ ಹೊಡೆದಿದ್ದೇನೆ. ಆ ಪಾಪವೇ ಕೈಗೆ ಬಂದಿರಬೇಕು ಎಂದು ಒಮ್ಮೊಮ್ಮೆ ಅನಿಸುತ್ತದೆ.

ನಮ್ಮ ಕೊಂಕಣಿ ಕ್ರೈಸ್ತರಲ್ಲಿ ಮದುವೆ ಕಾಗದವನ್ನು ಮನೆಮನೆಗೆ ಹೋಗಿ ಕೈಯಲ್ಲೇ ಕೊಡಬೇಕು. ಮೇಲೆ ಆ ಮನೆಯವರ ಹೆಸರು ಕೈಬರಹದಲ್ಲೇ ಇರಬೇಕು. ನಮ್ಮ ಇಗರ್ಜಿಯ ಸುತ್ತ ಯಾರ ಮದುವೆಯಾದರೂ ಹೆಸರು ಬರೆಯಲು ನನ್ನನ್ನೇ ಕರೆಯುತ್ತಿದ್ದರು. ಈಗ ನನ್ನ ತಂಗಿಯ ಮಗಳು ಶರಲ್‌ಗೇ ಮದುವೆ. ಹುಟ್ಟಿದ ದಿನ ಈ ಕೈಯಲ್ಲೇ ಎತ್ತಿಕೊಂಡ ಕೂಸು ಅದು. ಅದರ ಮದುವೆ ಕಾಗದದ ಮೇಲೆ ಕಾಗೆಕಾಲು ಗುಬ್ಬಿಕಾಲು ಬರೆಯುವುದೇ? ಲ್ಯಾಪ್‌ಟಾಪಿನಲ್ಲಿ ಬರೆದು, ಈಗ ಇದೇ ಫ್ಯಾಷನ್ ಎಂದುಬಿಟ್ಟರೆ ನಡುಕ ಯಾರಿಗೂ ತಿಳಿಯದು ಎಂದು ಲೆಕ್ಕ ಹಾಕಿದೆ.

ಶರಲ್ ನರ್ಸ್. ನಾವಿರುವುದು ಒಂದೇ ಮನೆಯಲ್ಲಿ. ನರ್ಸ್ ಇರುವ ಮನೆಯಲ್ಲಿ ಕಾಯಿಲೆ ಮುಚ್ಚಿಡುವುದೆಂದರೆ ಬೆಕ್ಕಿರುವ ಮನೆಯಲ್ಲಿ ಬೂತಾಯಿ ಮೀನು ಮುಚ್ಚಿಟ್ಟ ಹಾಗೆ. ಆದರೂ ಇಟ್ಟೆ. ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಯಾಕೋ ಚಳಿ ಎಂದೆ. ಮಂಗಳೂರಿನಲ್ಲಿ, ಏಪ್ರಿಲ್ ತಿಂಗಳಲ್ಲಿ.

"ಮಾವ್ಶಿ, ಅಂಗಡಿಯವ ಕೊಟ್ಟದ್ದನ್ನು ಸುಮ್ಮನೆ ತರ್ಬೇಡಿ. ಇಷ್ಟು ಕೇಳಿ" ಎಂದು ಅವಳೊಂದು ಹಾಳೆ ಬರೆದುಕೊಟ್ಟಳು. ಇದು ಎಂತಕ್ಕೆ ಬೇಕು? ಹೊತ್ತುಕೊಂಡು ತಿರುಗಲಿಕ್ಕಾ, ಮನೆಯಲ್ಲಿ ಇಡ್ಲಿಕ್ಕಾ? ಕರೆಂಟು ಹೋದರೆ ಎಷ್ಟು ಗಂಟೆ ತಾಳ್ತದೆ? ಹಾಳಾದರೆ ಇಲ್ಲೇ ರಿಪೇರಿ ಆಗ್ತದಾ? ಓದುತ್ತಾ ಹೋದಂತೆ ಇವು ಗಂಡು ನೋಡುವಾಗ ಕೇಳಬೇಕಾದ ಪ್ರಶ್ನೆಗಳಂತೆಯೇ ಕಂಡವು. ನನಗೆ ಯಾರೂ ಇಂಥ ಪಟ್ಟಿ ಕೊಟ್ಟಿರಲಿಲ್ಲ, ಮದುವೆಯೂ ಆಗಲಿಲ್ಲ.

ಅಂಗಡಿಯ ಹಮೀದ್ ಬೈಕಂಪಾಡಿಯ ಕಾರ್ಖಾನೆಗಳಲ್ಲಿ ಕಂಪ್ಯೂಟರ್ ರಿಪೇರಿ ಮಾಡಿ ಪಳಗಿದವರು. ಒಂದೊಂದಕ್ಕೂ ಸಮಾಧಾನದಿಂದ ಉತ್ತರಿಸಿದರು. ಒಂದನ್ನು ಆರಿಸಿ ನಾನು ಎದ್ದೆ. ಅವರು ಮೇಜಿನ ಮೇಲಿದ್ದ ಹಾಳೆಯನ್ನು ಮಡಚಿ ಕೊಡಲೆಂದು ಎತ್ತಿಕೊಂಡರು.

"ಟೀಚರೇ, ಹಿಂದೆ ಇನ್ನೊಂದು ಪ್ರಶ್ನೆ ಉಂಟಲ್ಲ?"

ಪರೀಕ್ಷೆಯ ಕೋಣೆಯಲ್ಲಿ ಮೂವತ್ತು ವರ್ಷ ನಾನು ಕೂಗಿದ್ದು ಇದನ್ನೇ: ಹಾಳೆ ತಿರುಗಿಸಿ ನೋಡಿ, ಹಿಂದೆಯೂ ಪ್ರಶ್ನೆ ಇರುತ್ತದೆ. ತಿರುಗಿಸದೆ ಎದ್ದು ಬಂದವರನ್ನು ದಡ್ಡರೆಂದು ಬೈದಿದ್ದೆ.

ಹಮೀದ್ ಓದಿದರು. "ಕೈ ನಡುಗುವವರು ಒತ್ತುವಾಗ ಒಂದೇ ಅಕ್ಷರ ಎರಡೆರಡು ಸಲ ಬೀಳದ ಹಾಗೆ ಮಾಡಿ ಕೊಡ್ಲಿಕ್ಕೆ ಆಗ್ತದಾ?"

ನಾನು ಮತ್ತೆ ಕುಳಿತುಬಿಟ್ಟೆ. ಮೊದಲು ಅವಮಾನವಾಯಿತು, ಆಮೇಲೆ ಶರಲ್ ಮೇಲೆ ಸಿಟ್ಟು ಬಂತು, ಕೊನೆಗೆ ಕಣ್ಣು ತುಂಬಿತು. ಅವಳಿಗೆ ಎಲ್ಲ ಗೊತ್ತಿತ್ತು. ನಾನಾಗಿ ಹೇಳಲಿ ಎಂದು ಕಾದಿದ್ದಳು.

"ಆಗ್ತದೆ ಟೀಚರೇ, ಅದೆಂತ ದೊಡ್ಡ ಸಂಗತಿ ಅಲ್ಲ. ನನ್ನ ಉಮ್ಮನಿಗೂ ಹಾಗೆ ಮಾಡಿ ಕೊಟ್ಟಿದ್ದೇನೆ" ಎಂದರು ಹಮೀದ್. ಹೇಳುವಾಗ ನನ್ನ ಕೈಯತ್ತ ಒಮ್ಮೆಯೂ ನೋಡಲಿಲ್ಲ. ಆ ಉಪಕಾರವನ್ನು ನಾನು ಮರೆಯಲಾರೆ.

ಮನೆಗೆ ಬಂದು ಪೆಟ್ಟಿಗೆ ಬಿಚ್ಚಿದಾಗ ತಲೆ ಚಚ್ಚಿಕೊಂಡೆ. "ಪ್ರಿಂಟರ್ ಮರೆತೇ ಹೋಯ್ತು ಮಾರಾಯ್ತಿ! ಇನ್ನು ಕಾಗದದ ಮೇಲೆ ಹೆಸರು ಬರುವುದು ಹೇಗೆ?"

"ನೀವು ಮರೆತದ್ದಲ್ಲ ಮಾವ್ಶಿ. ನಾನೇ ಬೇಕಂತ ಪಟ್ಟಿಯಲ್ಲಿ ಬರೀಲಿಲ್ಲ" ಎಂದಳು ಶರಲ್. "ಲ್ಯಾಪ್‌ಟಾಪ್ ನಿಮ್ಮ ಬರವಣಿಗೆಗೆ ಇರಲಿ. ನನ್ನ ಮದುವೆ ಕಾಗದಕ್ಕೆ ನಿಮ್ಮ ಕೈಯೇ ಬೇಕು."

"ಈ ಕೈಯಾ?"

"ಇದೇ ಕೈ. ಸೋಮವಾರ ಡಾಕ್ಟರಿಗೆ ತೋರಿಸುವ, ನಾನೂ ಬರ್ತೇನೆ. ಈಗ ಬರೀರಿ."

ಅವಳು ಲಕೋಟೆ ಒತ್ತಿ ಹಿಡಿದಳು, ನಾನು ಬರೆದೆ. ಅಕ್ಷರಗಳ ಒತ್ತು, ಕೊಂಬುಗಳೆಲ್ಲ ಬಳುಕಿದವು. ಮೊದಲ ದಿನ ಐದು ಹೆಸರು ಮುಗಿಯುವಷ್ಟರಲ್ಲಿ ಸಾಕುಸಾಕಾಯಿತು. ನನ್ನ ವಿದ್ಯಾರ್ಥಿಯಾಗಿದ್ದರೆ ಆ ಬರಹಕ್ಕೆ ಖಂಡಿತ ಏಟು ಬೀಳುತ್ತಿತ್ತು. ಶರಲ್ ಮಾತ್ರ ಶಾಯಿ ಒಣಗುವ ತನಕ ಒಂದೊಂದನ್ನೂ ಅಂಗೈಯಲ್ಲಿಟ್ಟುಕೊಂಡು ಕೂತಳು.

ಇದನ್ನು ಆ ಲ್ಯಾಪ್‌ಟಾಪಿನಲ್ಲೇ ಬರೆಯುತ್ತಿದ್ದೇನೆ. ಮೊದಲ ಸಲ ಕೊಳ್ಳುವವರು ಕೇಳಬೇಕಾದ ಪ್ರಶ್ನೆಗಳನ್ನು ತಿಳಿದವರು ನಿಮಗೂ ಹೇಳಿಯಾರು. ನನ್ನದು ಟೀಚರಮ್ಮನ ಹಳೆಯ ಮಾತೊಂದೇ: ನಿಮ್ಮವರು ಕೊಟ್ಟ ಹಾಳೆಯನ್ನು ತಿರುಗಿಸಿ ನೋಡಿ.