ಬಾಯಿಗೆ ಬಾರದ ಪ್ರಮಾಣ

ನನ್ನ ಗಂಡನಿಗೆ ಇಟಲಿಯ ಪೌರತ್ವ ಮಂಜೂರಾಯಿತೆಂಬ ಸುದ್ದಿ ಬಂದಾಗ ಅವರು ದಾವಣಗೆರೆಯ ಆಸ್ಪತ್ರೆಯಲ್ಲಿ ಮಲಗಿದ್ದರು. ಬಲಗೈ ಸ್ವಾಧೀನದಲ್ಲಿರಲಿಲ್ಲ. ಮಾತು ಪೂರ್ತಿ ನಿಂತುಹೋಗಿತ್ತು.

ಅತ್ತೆಯ ವರ್ಷದ ಕಾರ್ಯಕ್ಕೆಂದು ನಾವಿಬ್ಬರೂ ಮಗಳೂ ಹರಿಹರದ ಭಾವನ ಮನೆಗೆ ಬಂದಿದ್ದೆವು. ಕಾರ್ಯ ಮುಗಿದ ಮರುದಿನ ಬೆಳಿಗ್ಗೆ ಹೊಳೆಯಲ್ಲಿ ಸ್ನಾನ ಮಾಡಿ ಬಂದ ಇವರು ಅಂಗಿಯ ಗುಂಡಿ ಹಾಕಿಕೊಳ್ಳಲಾಗದೆ ನಿಂತುಬಿಟ್ಟರು. "ಯಾಕ್ರೀ, ಏನಾತು?" ಎಂದೆ. ಉತ್ತರಕ್ಕೆ ಬಾಯಿ ತೆರೆದರು, ಗೊರಗೊರ ಸದ್ದು ಬಂತು. ಭಾವ ಕಾರು ತೆಗೆದರು. ದಾವಣಗೆರೆ ಮುಟ್ಟುವವರೆಗೂ ಇವರು ಎಡಗೈಯಲ್ಲಿ ನನ್ನ ಸೆರಗು ಹಿಡಿದುಕೊಂಡೇ ಇದ್ದರು.

ಹರಿಹರದ ಕಾರ್ಖಾನೆಯ ಕೆಲಸ ಹೋದ ಮೇಲೆ ಅವರು ಉತ್ತರ ಇಟಲಿಯ ಒಂದು ಹಾಲಿನ ಫಾರ್ಮಿಗೆ ಹೋಗಿದ್ದರು. ಆಮೇಲೆ ನಾನು ಪುಟ್ಟ ಮಗಳನ್ನು ಎತ್ತಿಕೊಂಡು ಹೋದೆ. ಪೌರತ್ವಕ್ಕೆ ಅರ್ಜಿ ಹಾಕುವ ಕಾಲ ಬಂದಾಗ ಅಲ್ಲಿ ಜೊತೆಗೆ ದುಡಿಯುತ್ತಿದ್ದ ಪಂಜಾಬಿಗಳೆಲ್ಲ ವಕೀಲರನ್ನು ಹಿಡಿದಿದ್ದರು. ಇವರು ಒಪ್ಪಲಿಲ್ಲ. "ಹಸು, ಮೇವು, ಸಗಣಿ, ಎಲ್ಲಾನೂ ಅವರ ಭಾಷೆನಾಗೇ ಮಾತಾಡ್ತೀನಿ. ನಾನು ಯಾರು ಅಂತ ಹೇಳಾಕೆ ಲಾಯರ್ ಯಾಕ ಬೇಕು?" ಎಂದರು. ಭಾಷೆಯ ಪರೀಕ್ಷೆ ಪಾಸಾದರು, ಹರಿಹರದಿಂದ ಜನನ ಪತ್ರ ತರಿಸಿದರು, ರಜೆಯ ದಿನ ಕಂಪ್ಯೂಟರ್ ಮುಂದೆ ಕೂತು ತಾವೇ ಅರ್ಜಿ ಹಾಕಿದರು. ವರ್ಷಗಟ್ಟಲೆ ಕಾದೆವು. ಕೊನೆಗೆ ಅದು ಮಂಜೂರಾಗಿಯೇ ಬಂತು. ಅವರ ಲೆಕ್ಕಾಚಾರ ತಪ್ಪಿರಲಿಲ್ಲ.

ಆದರೆ ಮಂಜೂರಾದ ಮಾತ್ರಕ್ಕೆ ಮುಗಿಯುವುದಿಲ್ಲ. ಆರು ತಿಂಗಳೊಳಗೆ ಅಲ್ಲಿಯ ಪುರಸಭೆಯಲ್ಲಿ ನಿಂತು, ದೇಶಕ್ಕೆ ನಿಷ್ಠನಾಗಿರುತ್ತೇನೆಂದು ಬಾಯಿಬಿಟ್ಟು ಪ್ರಮಾಣ ಮಾಡಬೇಕು. ಮಾಡದಿದ್ದರೆ ಮಂಜೂರಾದದ್ದೂ ಬಿದ್ದುಹೋಗುತ್ತದೆ. ಮಗಳಿಗೆ ಇನ್ನೂ ಹದಿನೆಂಟು ತುಂಬಿರಲಿಲ್ಲ. ಅದಕ್ಕೆ ಮೊದಲು ಅಪ್ಪ ಪ್ರಮಾಣ ಮಾಡಿದರೆ ಅವಳೂ ಅಲ್ಲಿಯವಳಾಗುತ್ತಿದ್ದಳು.

ಆಸ್ಪತ್ರೆಯಿಂದ ಬಿಟ್ಟ ಮೇಲೆ ನಿಜಲಿಂಗಪ್ಪ ಬಡಾವಣೆಯಲ್ಲಿ ಒಂದು ಮನೆ ಬಾಡಿಗೆಗೆ ಹಿಡಿದೆವು. ಫಿಜಿಯೋಥೆರಪಿಗೆ ಹತ್ತಿರ. ವಿಮಾನದ ಮಾತು ಸದ್ಯಕ್ಕೆ ಎತ್ತಬೇಡಿ ಎಂದಿದ್ದರು ಡಾಕ್ಟರು.

ಒಂದು ಭಾನುವಾರ ಭಾವ ಬಂದರು. ಅಲ್ಲಿ ಒಬ್ಬ ವಕೀಲರನ್ನು ಹಿಡಿಯೋಣವೇ ಎಂದು ಕೇಳಿದೆ.

"ಬ್ಯಾಡಮ್ಮ," ಎಂದರು. "ನಮ್ಮ ಹರಿಹರದ ಕೋರ್ಟಿನಾಗೇ ಕೇಸು ಹಾಕಿದೋರು ಮುದುಕರಾಗ್ಯಾರೆ. ಕಾಣದ ದೇಶದ ಲಾಯರ್‌ನ ನಂಬಿ ಏನ್ ಮಾಡ್ತಿ? ಮೊದ್ಲು ಅವನು ಎದ್ದು ಓಡಾಡ್ಲಿ."

"ಅಷ್ಟರಾಗೆ ಗಡುವು ಮುಗಿತೈತೆ ದೊಡ್ಡಪ್ಪ," ಎಂದಳು ಮಗಳು. "ನಮ್ಮ ಪರ ಅಲ್ಲಿ ಯಾರಾದ್ರೂ ಮಾತಾಡಬೇಕಲ್ಲ. ಅಪ್ಪಂಗೆ ಆಗಲ್ಲ. ನಮಗೆ ಕಾನೂನು ಗೊತ್ತಿಲ್ಲ."

ಅವಳೇ ವಿಚಾರಿಸಿ, ನಾವಿದ್ದ ಊರಿನ ಒಬ್ಬ ವಕೀಲೆಯನ್ನು ಹುಡುಕಿದಳು. ವಿಡಿಯೋ ಕರೆ ಮಾಡಿ ಮೊಬೈಲನ್ನು ಟೀಪಾಯಿಯ ಮೇಲೆ ನಿಲ್ಲಿಸಿದೆವು. ಇವರು ಕುರ್ಚಿಯಲ್ಲಿ ಒರಗಿ ಕೂತಿದ್ದರು. ಆಕೆ ನಿಧಾನವಾಗಿ ಮಾತಾಡಿದರು. ದಾರಿ ಇದೆ. ಪ್ರಮಾಣ ಮಾಡುವ ಶಕ್ತಿ ಈ ಮನುಷ್ಯನಿಗಿಲ್ಲ ಎಂದು ಡಾಕ್ಟರು ಬರೆದುಕೊಡಬೇಕು. ಅವರ ಪರವಾಗಿ ವ್ಯವಹರಿಸಲು ಅಲ್ಲಿಯ ನ್ಯಾಯಾಲಯ ಒಬ್ಬರನ್ನು ನೇಮಿಸಬೇಕು. ಆಗ ಪ್ರಮಾಣದಿಂದ ವಿನಾಯಿತಿ ಕೇಳಬಹುದು. ಸಿಕ್ಕೇ ಸಿಗುತ್ತದೆ ಎಂದು ಮಾತು ಕೊಡಲಾರೆ ಎಂದರು.

ಮಗಳು ಅದನ್ನು ನನಗೆ ಕನ್ನಡದಲ್ಲಿ ಹೇಳುವ ಮೊದಲೇ ಇವರಿಗೆ ಅರ್ಥವಾಗಿತ್ತು. ಆ ಭಾಷೆ ನನಗಿಂತ ಅವರಿಗೇ ಚೆನ್ನಾಗಿ ಬರುತ್ತಿತ್ತು, ಕಾಯಿಲೆ ಅದನ್ನು ಒಳಗಿನಿಂದ ಕಿತ್ತುಕೊಂಡಿರಲಿಲ್ಲ. ಎಡಗೈ ಚಾಚಿ ಮೊಬೈಲನ್ನು ಮಗುಚಿ ಹಾಕಿದರು.

"ಬುದ್ಧಿ ಇಲ್ಲ ಅಂತ ಬರಿಯಲ್ಲ ಅಪ್ಪ, ಮಾತು ಬರಲ್ಲ ಅಂತ ಅಷ್ಟೆ," ಎಂದಳು ಮಗಳು. ಅವರು ಬೇಡವೆಂದು ತಲೆಯಾಡಿಸಿದರು. ಎದೆ ಮುಟ್ಟಿಕೊಂಡರು, ಆಮೇಲೆ ತುಟಿ ಮುಟ್ಟಿಕೊಂಡರು. ನಾನೇ ಹೇಳುತ್ತೇನೆ ಎಂದರ್ಥ.

ಅಂದಿನಿಂದ ಅಪ್ಪ ಮಗಳ ಪಾಠ ಶುರುವಾಯಿತು. ಪ್ರಮಾಣ ಮಾಡುತ್ತೇನೆ ಎನ್ನಲು ಆ ಭಾಷೆಯಲ್ಲಿ 'ಜೂರೋ' ಎಂಬ ಒಂದೇ ಪದ ಸಾಕು, ನಿಷ್ಠೆಯ ಮಾತು ಅದರ ಮುಂದೆ ಬರುತ್ತದೆ. ಮಗಳು ಎದುರು ಕೂತು ಬಾಯಿ ಅಗಲಿಸಿ ತೋರಿಸುತ್ತಿದ್ದಳು. ಇವರು ಕತ್ತಿನ ನರ ಉಬ್ಬುವಂತೆ ತಿಣುಕುತ್ತಿದ್ದರು. 'ಜೂ' ಬರುತ್ತಿತ್ತು. ಕೆಲವು ದಿನ 'ಜೂರೋ' ಪೂರ್ತಿ ಬಂದುಬಿಡುತ್ತಿತ್ತು. ಮುಂದಿನ ಪದಕ್ಕೆ ಹೋದರೆ ಮೊದಲಿನದೂ ಜಾರಿಹೋಗುತ್ತಿತ್ತು. ಜೊಲ್ಲು ಸುರಿಯುತ್ತಿತ್ತು. ನಾನು ಒರೆಸಲು ಹೋದರೆ ಮುಖ ತಿರುಗಿಸುತ್ತಿದ್ದರು. ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಾಗ ಆ ಸದ್ದು ಕೇಳಿದರೆ ನನ್ನ ಕೈ ತಾನಾಗಿ ನಿಲ್ಲುತ್ತಿತ್ತು.

ಗಡುವಿನ ಕೊನೆಯ ತಿಂಗಳಲ್ಲಿ ನಾವು ಅದೇ ವಕೀಲೆಯನ್ನು ನೇಮಿಸಿಕೊಂಡೆವು, ವಿನಾಯಿತಿಗಲ್ಲ, ಬರೀ ಸಮಯ ಕೇಳಲಿಕ್ಕೆ. ಅದಕ್ಕೆ ಮಾತ್ರ ಇವರು ಒಪ್ಪಿ ಎಡಗೈಯಲ್ಲಿ ಸೊಟ್ಟಗೆ ಸಹಿ ಹಾಕಿದರು. ಆಕೆ ಶ್ರದ್ಧೆಯಿಂದ ಬರೆದರು, ಆಸ್ಪತ್ರೆಯ ಕಾಗದಗಳನ್ನೆಲ್ಲ ಜೋಡಿಸಿದರು. ಗಡುವಿನೊಳಗೆ ಉತ್ತರ ಬರಲಿಲ್ಲ. ಆಮೇಲೆ ಬಂದದ್ದು, ಮಂಜೂರಾತಿ ಊರ್ಜಿತದಲ್ಲಿಲ್ಲ ಎಂಬುದು. ಬೇಕಾದರೆ ಮೊದಲಿನಿಂದ ಅರ್ಜಿ ಹಾಕಬಹುದಂತೆ.

 ಒಂದು ಸಂಜೆ ಅಪ್ಪನಿಗೆ ಊಟ ಮಾಡಿಸುತ್ತಿದ್ದ ಮಗಳು ಚಮಚ ಕೆಳಗಿಟ್ಟಳು. "ನಿಂಗೆ ನಿನ್ನ ಮರ್ಯಾದೆ ದೊಡ್ಡದಾತು. ನನ್ನ ಬಗ್ಗೆ ಒಂದು ಮಾತು ಯೋಚ್ನೆ ಮಾಡಿದ್ಯಾ?" ಎಂದಳು. ಇವರು ಅವಳನ್ನೇ ನೋಡಿದರು. ಕಣ್ಣಲ್ಲಿ ನೀರಿಳಿಯಿತು. ನಾನು ಯಾರ ಕಡೆ ಹೋಗಲಿ? ಅವಳು ಹೇಳಿದ್ದು ನಿಜ. ಅವರು ಬೇಡವೆಂದದ್ದೂ ನನಗೆ ಅರ್ಥವಾಗುತ್ತಿತ್ತು. ತಟ್ಟೆಯಲ್ಲಿ ಉಳಿದ ಅನ್ನವನ್ನು ನಾನೇ ತಿನ್ನಿಸಿದೆ.

ಇಟಲಿಯಲ್ಲಿ ವಾಸಿಸುವ ಪರವಾನಗಿಯ ಅವಧಿ ಇನ್ನೂ ಉಳಿದಿದ್ದರಿಂದ ಅವಳು ಶಾಲೆ ಮುಗಿಸಲು ಒಬ್ಬಳೇ ಹೊರಟಳು. ಗೆಳತಿಯೊಬ್ಬಳ ಮನೆಯವರು ಇರಿಸಿಕೊಳ್ಳಲು ಒಪ್ಪಿದ್ದರು. ಓದು ಮುಗಿಸಿ, ಕೆಲಸ ಹಿಡಿದು, ವರಮಾನ ತೋರಿಸಿ, ಅವಳು ತನ್ನದೇ ಅರ್ಜಿ ಹಾಕಬೇಕು. "ನಾನು ಮೊದಲನೇ ದಿನಾನೇ ಲಾಯರ್ ಹಿಡಿತೀನಮ್ಮ," ಎಂದಳು ಬಟ್ಟೆ ಮಡಚುತ್ತಾ. ನಾನು ಹೂಂ ಎಂದೆ.

ದಾವಣಗೆರೆ ಸ್ಟೇಷನ್ನಿಗೆ ಭಾವನೂ ನಾನೂ ಹೋದೆವು. ಇವರು ಬರಲಿಲ್ಲ, ಬಾಗಿಲಲ್ಲಿ ಕೋಲೂರಿ ನಿಂತರು. ಅವಳು ಕಾಲಿಗೆರಗಿದಾಗ ತಲೆಯ ಮೇಲೆ ಕೈಯಿಡಲು ಹೋಗಿ, ಕೋಲು ಬಿಟ್ಟರೆ ಬೀಳುತ್ತೇನೆಂದು ಹಾಗೇ ನಿಂತುಬಿಟ್ಟರು. ಅವಳೇ ಎದ್ದು ಅವರ ಎದೆಗೆ ಹಣೆ ಒತ್ತಿದಳು. ಆಟೋದವನು ಹಾರ್ನ್ ಮಾಡಿದ.