ಹಸಿರು ದೀಪ ಒಪ್ಪದ ಅಕ್ಕೋರು

ಕನ್ನಡಕದ ಮುರಿದ ಕಡ್ಡಿಗೆ ಅವರು ಬಲೆ ಹೊಲಿಯುವ ನೈಲಾನ್ ದಾರ ಸುತ್ತಿಕೊಂಡಿದ್ದರು. ದಾರ ನೀಲಿಯೆಂದು ನನ್ನ ನೆನಪು; ಒಂದು ಫೋಟೋದಲ್ಲಿ ಕಪ್ಪಾಗಿ ಕಾಣುತ್ತದೆ. ಉಳಿದದ್ದನ್ನೂ ಇಷ್ಟೇ ನಂಬಿಕೆಯಿಂದ ಬರೆಯುತ್ತಿದ್ದೇನೆ.

ಹಿಂದೆ ಭಟ್ಕಳದ ಕಾಲೇಜೊಂದರಲ್ಲಿ ಪಾಠ ಮಾಡಿದ್ದರಿಂದ ಹೊನ್ನಾವರದ ನಮ್ಮ ಸಣ್ಣ ಕಚೇರಿಯಲ್ಲೂ ಅವರು ಎಲ್ಲರಿಗೂ ಅಕ್ಕೋರು, ಅಂದರೆ ಟೀಚರಮ್ಮ. ಮೀನುಗಾರಿಕೆ ಬೋಟುಗಳಿಂದ ಅಪಾಯದ ಸಂದೇಶ ಕಳಿಸುವ ಪೆಟ್ಟಿಗೆಯನ್ನು ಮಾಡುತ್ತಿದ್ದೆವು. ಅದರ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಿನಲ್ಲಿ, ಅಂದರೆ ಕರ್ನೆಲ್‌ನಲ್ಲಿ, ರೇಡಿಯೋದೊಡನೆ ವ್ಯವಹರಿಸುವ ಭಾಗ ಅಕ್ಕೋರದ್ದು. ನಾನು ಅವರ ಕೈಕೆಳಗೆ. ಕರ್ನೆಲ್‌ಗೆ ಯಾವ ಕೆಲಸ ಹೇಳಿದರೂ ಒಂದು ಉತ್ತರ ಹಿಂದಿರುಗುತ್ತದೆ: ಸೊನ್ನೆ ಬಂದರೆ ಆಗಿದೆ, ಋಣ ಸಂಖ್ಯೆ ಬಂದರೆ ಆಗಿಲ್ಲ. ಆ ಉತ್ತರ ನೋಡದೆ ಮುಂದಿನ ಸಾಲಿಗೆ ಹೋಗಿದ್ದ ನನ್ನ ಕೋಡ್ ಕಂಡು ಕೇಳಿದ್ದರು: "ಎಂತ ಮಾರಾಯ್ತಿ, ಮೀನು ತರೂಕೆ ಹೋದವ ಬಂದ್ನೋ ಇಲ್ವೋ ನೋಡದೇ ಮಸಾಲೆ ಕುದಿಸೂಕೆ ಇಟ್ಯಾ?"

ಯಾರದೇ ಕೋಡ್ ಆಗಲಿ, ಕೆಲಸ ಕೆಟ್ಟರೆ ಏನಾಗುತ್ತದೆ ಎಂಬ ಭಾಗವನ್ನೇ ಮೊದಲು ಓದುತ್ತಿದ್ದರು. ಕೆಲಸ ಅರ್ಧಕ್ಕೆ ನಿಂತಾಗ, ಅದಕ್ಕೆಂದು ಪಡೆದ ಮೆಮೊರಿ ಮುಂತಾದವುಗಳಲ್ಲಿ ಕೊನೆಗೆ ಪಡೆದದ್ದನ್ನು ಮೊದಲು ಬಿಡಬೇಕು, ಮೊದಲು ಪಡೆದದ್ದನ್ನು ಕೊನೆಗೆ. ಕೆಟ್ಟ ಸುದ್ದಿಯನ್ನು ಮಾತ್ರ, ಕೆಲಸ ಹೇಳಿದವರಿಗೆ ಇದ್ದ ಹಾಗೇ ಮುಟ್ಟಿಸಬೇಕು ಎನ್ನುತ್ತಿದ್ದರು.

ಬೆಳಕೆ ಊರಿನ ಬೋಟ್ ಮಾಲೀಕರೊಬ್ಬರು ಪೆಟ್ಟಿಗೆಯ ಪರೀಕ್ಷೆಗೆ ಒಪ್ಪಿದ್ದರು. ಗುಂಡಿ ಒತ್ತಿದಾಗ ಸಂದೇಶ ಹೋದರೆ ಹಸಿರು ದೀಪ, ಹೋಗದಿದ್ದರೆ ಕೆಂಪು. ದಡದಲ್ಲೇ ಮತ್ತೆ ಮತ್ತೆ ಕೆಂಪು ಹತ್ತಿತು. ಸಂದೇಶ ಹೋಗಲಿ ಬಿಡಲಿ, ಒತ್ತಿದ ಕೂಡಲೇ ಹಸಿರು ಬಂದುಬಿಡಲಿ ಎಂದರು ಮಾಲೀಕರು.

"ಕೆಂಪು ಬ್ಯಾಡ ಅಕ್ಕೋರೆ. ಬೋಟಿನ ಹುಡುಗ್ರು ಹೆದರ್ತ್ರು."

"ಹೆದರ್ಲಿ. ಯಾರೂ ಕೇಳ್ಲಿಲ್ಲ ಅಂತ ಗೊತ್ತಾದ್ರೆ ಬೇರೆ ಎಂತಾರೂ ಮಾಡ್ತ್ರು."

ನಮ್ಮ ಮ್ಯಾನೇಜರು ಮಾಲೀಕರ ಪರ. ಕೆಂಪು ತೆಗೆಯುವುದಾದರೆ ನನ್ನ ಕೆಲಸವನ್ನೇ ಬೇರೆಯವರಿಗೆ ಕೊಡಿ ಎಂದರು ಅಕ್ಕೋರು. ಆ ಮಾತಿಗೆ ನಾನೇ ಸಾಕ್ಷಿಯೋ, ಆಮೇಲೆ ಯಾರೋ ಹೇಳಿದ್ದೋ, ಖಚಿತವಿಲ್ಲ. ಕೆಂಪು ಉಳಿಯಿತು.

ಕಳೆದ ಮಳೆಗಾಲ ಅವರು ಕುಮಟಾದ ಆಸ್ಪತ್ರೆಯಲ್ಲಿ ತೀರಿಕೊಂಡರು. ಮೀನುಗಾರಿಕೆ ಮತ್ತೆ ಶುರುವಾದ ಮೇಲೆ, ಸುದ್ದಿ ತಿಳಿಯದ ಆ ಮಾಲೀಕರು ಅಕ್ಕೋರನ್ನು ಹುಡುಕಿಕೊಂಡು ಕಚೇರಿಗೆ ಬಂದರು. ಇಂಜಿನ್ ಕೆಟ್ಟು ಬೋಟ್ ತೇಲಿಹೋಗಿತ್ತಂತೆ. ಒತ್ತಿದಷ್ಟೂ ಕೆಂಪು. ಸಂದೇಶ ಹೋಗುತ್ತಿಲ್ಲವೆಂದು ಹುಡುಗರು ಬಿದಿರಿಗೆ ಲುಂಗಿ ಕಟ್ಟಿ ಬೀಸಿದರು. ದೂರದಲ್ಲಿದ್ದ ಇನ್ನೊಂದು ಬೋಟ್ ಅದನ್ನು ಕಂಡು ತಿರುಗಿ ಬಂತು. ಹಸಿರು ಹತ್ತಿದ್ದರೆ ಸಹಾಯ ಬರುತ್ತದೆಂದು ಸುಮ್ಮನೆ ಕೂತಿರುತ್ತಿದ್ದರು ಎಂದರು.

ಅಕ್ಕೋರು ಇಲ್ಲವೆಂದು ತಿಳಿಸಿದೆ. ಮಾಲೀಕರು, ಈಗ ಆ ಕೆಲಸ ಯಾರು ನೋಡುತ್ತಾರೆ ಎಂದು ಕೇಳಿದರು. ನಾನೇ ಎಂದೆ.

"ಹಂಗಾರೆ ಕೆಂಪು ತೆಗೀಬ್ಯಾಡಿ, ತಂಗಿ."