ಚೊಚ್ಚಲ ಬಸುರಿ ಹುಡುಕುವ ಸುಂಕಮ್ಮ

ಬುಕ್ಕಸಾಗರದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಗದ್ದೆಯ ಕಡೆಯಿಂದ ಬೀಸುವ ಗಾಳಿಗೆ ಸೆರಗು ಅಡ್ಡ ಹಿಡಿದು ಸುಂಕಮ್ಮ ಬೇವಿನ ಕಟ್ಟೆಯ ಮೇಲೆ ಸ್ಪಿರಿಟ್ ದೀಪ ಹಚ್ಚುತ್ತಾರೆ. ಕೈಯಲ್ಲೊಂದು ಗಾಜಿನ ನಳಿಗೆ. ಅದರಲ್ಲಿರುವುದು ಎದುರು ಮನೆಯ ಬಸುರಿ ಸೊಸೆಯ ಬೆಳಗಿನ ಮೊದಲ ಉಚ್ಚೆ. ಭಾನುವಾರದ ಪುರವಣಿ ಓದುವ ಮಹನೀಯರು ಮೂಗು ಮುಚ್ಚಿಕೊಳ್ಳುವುದಾದರೆ ಮುಚ್ಚಿಕೊಳ್ಳಲಿ. ಕಾಯಿಸಿದಾಗ ಅದು ತಿಳಿಯಾಗಿ ಉಳಿದರೆ ತಾಯಿ ಕ್ಷೇಮ. ಒಡೆದ ಹಾಲಿನಂತೆ ಕಟ್ಟಿಕೊಂಡರೆ ಮೈಗೆ ನಂಜು ಏರುತ್ತಿದೆ ಎಂದರ್ಥ.

ನಳಿಗೆಯಲ್ಲಿ ನೊರೆ ಏಳುತ್ತದೆ, ಇಳಿಯುತ್ತದೆ. ನೀರು ತಿಳಿಯಾಗಿಯೇ ಇದೆ. ಅವರ ಕೆಲಸದ ಬಗ್ಗೆ ಪತ್ರಿಕೆಗೆ ಬರೆಯಲೆಂದು ಜೊತೆಗೆ ಬಂದ ನನಗೆ ಸಮಾಧಾನ. ಸುಂಕಮ್ಮನ ಮುಖ ಮಾತ್ರ ಕಪ್ಪಿಡುತ್ತದೆ.

"ಹೋದ ವಾರ ಇದ ಹುಡುಗೀದು ಮೊಸರಾದಂಗ ಆಗಿತ್ರಿ. ಆಸ್ಪತ್ರಿಗೆ ಕಳಸ್ರಿ ಅಂದ್ರ ಕಳಸಲಿಲ್ಲ. ನಂಜು ಹಂಗ ಸುಮ್ನ ಇಳಿಯಂಗಿಲ್ಲ. ಇದು ಆಕೀದಲ್ಲ."

ಸುಂಕಮ್ಮ ಹೊಸಪೇಟೆಯ ಹೆಣ್ಣುಮಕ್ಕಳ ಆಸ್ಪತ್ರೆಯೊಂದರಲ್ಲಿ ಆಯಾ. ಮನೆ ಕಮಲಾಪುರದಲ್ಲಿ. ಗಂಡ ತೀರಿಹೋದ ಮೇಲೆ ನೆಲ ಒರೆಸಲು ಸೇರಿದವರು, ಬಾಣಂತಿಯರ ಕೈಹಿಡಿದು ಕೂತು ಕೂತು ಕೆಲಸ ಕಲಿತರು. ಅಲ್ಲಿನ ಡಾಕ್ಟರಮ್ಮ ಮದರಾಸಿನ ವೈದ್ಯರ ಜೊತೆ ಸೇರಿ ಒಂದು ಶೋಧನೆ ನಡೆಸುತ್ತಿದ್ದಾರೆ. ಕೈಕಾಲು ಊದಿ, ತಲೆ ಸಿಡಿದು, ಕೊನೆಗೆ ಸೆಳೆತ ಬಂದು ಬಸುರಿಯರು ಸಾಯುತ್ತಾರಲ್ಲ, ನಮ್ಮ ಜನ ಅದನ್ನು ದೆವ್ವ ಮೆಟ್ಟಿತು ಎನ್ನುತ್ತಾರೆ. ಚೊಚ್ಚಲಿನವರಿಗೇ ಅದು ಹೆಚ್ಚು ಬರುವುದೇಕೆ, ಮುಂಚೆಯೇ ಗುರುತು ಹಿಡಿದರೆ ಉಳಿಸಬಹುದೇ ಎಂಬುದು ಡಾಕ್ಟರಮ್ಮನ ಪ್ರಶ್ನೆ. ಹಾಗಾಗಿ ಸುಂಕಮ್ಮ ಊರೂರು ತಿರುಗಿ ಚೊಚ್ಚಲ ಬಸುರಿಯರನ್ನು ಹುಡುಕಿ, ಹೆಸರು ಬರೆಸಿ, ವಾರಕ್ಕೊಮ್ಮೆ ಬಂದು ನೀರು ಕಾಯಿಸಿ ನೋಡಬೇಕು.

ಕೆಲಸ ಸುಸೂತ್ರವಾಗಿಯೇ ನಡೆದಿತ್ತು. ಅಷ್ಟರಲ್ಲಿ ತುಂಗಭದ್ರೆಗೆ ಅಣೆಕಟ್ಟು ಕಟ್ಟಲು ಶಂಕುಸ್ಥಾಪನೆ ಆಯಿತು.

ಈ ಸೀಮೆಯಲ್ಲಿ ಕೆರೆಯ ಏರಿ ನಿಲ್ಲಬೇಕಾದರೆ ಚೊಚ್ಚಲ ಬಸುರಿಯನ್ನು ಬಲಿ ಕೊಡುತ್ತಿದ್ದರಂತೆ ಎಂಬ ಕಥೆ ಕೇಳದೆ ಬೆಳೆದವರಿಲ್ಲ. ಒಂದು ಕೆರೆಗೇ ಒಬ್ಬಳು ಬೇಕಾದರೆ ಇಡೀ ಹೊಳೆಗೆ ಎಷ್ಟು ಜನ ಬೇಕಾದೀತು? ಇತ್ತ ಸರ್ಕಾರ ಕಟ್ಟೆ ಕಟ್ಟುತ್ತದೆ, ಅತ್ತ ಆಸ್ಪತ್ರೆಯ ಹೆಂಗಸು ಚೊಚ್ಚಲಿನವರ ಹೆಸರು ಬರೆದುಕೊಂಡು ಹೋಗುತ್ತಾಳೆ. ಜನ ಎರಡನ್ನೂ ಗಂಟು ಹಾಕಿದರು. ಗಾದಿಗನೂರಿನ ದಾರಿಯಲ್ಲಿ ಯಾರೋ ಸುಂಕಮ್ಮನ ಮೇಲೆ ಕಲ್ಲು ಬೀಸಿದರು. ಕಂಪ್ಲಿಯಲ್ಲಿ ಅವರನ್ನು ಕಂಡರೆ ಬಸುರಿಯರು ಹಿತ್ತಲ ಬಾಗಿಲಿಂದ ಓಡುತ್ತಾರೆ. ಮೊದಲು ದಿನಕ್ಕೆ ಹತ್ತು ಮನೆ ನೋಡುತ್ತಿದ್ದವರಿಗೆ ಈಗ ಎರಡು ಮನೆಯ ಬಾಗಿಲು ತೆರೆದರೆ ಅದೇ ಪುಣ್ಯ.

ಎದುರು ಮನೆಯ ಮುದುಕಮ್ಮ ಬಾಗಿಲಿಗೆ ಅಡ್ಡವಾಗಿ ನಿಂತಿದ್ದಾರೆ. ಸುಂಕಮ್ಮ ನೇರವಾಗಿ ಕೇಳುತ್ತಾರೆ, ಇದು ಯಾರ ಉಚ್ಚೆ ಎಂದು. ಮುದುಕಮ್ಮ ಮುಚ್ಚಿಡುವುದಿಲ್ಲ, ತನ್ನದೇ ಎನ್ನುತ್ತಾರೆ. ಸೊಸೆಯನ್ನು ನೋಡಲು ಬಿಡುವುದಿಲ್ಲವಂತೆ. ಮಗ ಗಾದಿಲಿಂಗಪ್ಪ ಹಿಂದೆ ಬಡಿಗೆ ಹಿಡಿದು ನಿಂತಿದ್ದಾನೆ. ಒಳಗೆ ಯಾರೋ ನರಳಿದ ಸದ್ದು. ಕಾಲು ಊದಿ ಕಾಲುಂಗುರ ಬಿಗಿಯಾಗಿದೆಯೋ ಇಲ್ಲವೋ, ಅಷ್ಟಾದರೂ ಹೇಳು ಎಂದು ಸುಂಕಮ್ಮ ಅಂಗಲಾಚುತ್ತಾರೆ. ಆಗ ಮುದುಕಮ್ಮ ತಿರುಗಿ ಕೇಳುತ್ತಾರೆ.

"ನಿನ್ನ ಮಗಳೂ ಚೊಚ್ಚಲ ಬಸುರಿ, ಹಡಿಯಾಕ ನಿನ್ನ ಮನ್ಯಾಗ ಬಂದು ಕುಂತಾಳಂತ. ಆಕಿ ಹೆಸರು ಬರಸೀಯೇನು ಸುಂಕವ್ವಾ?"

ಸುಂಕಮ್ಮ ದೀಪ ಆರಿಸಿ ಚೀಲ ಕಟ್ಟುತ್ತಾರೆ. ಕಮಲಾಪುರದ ದಾರಿಯಲ್ಲಿ ಹಾಳು ಮಂಟಪವೊಂದರ ನೆರಳಿನಲ್ಲಿ ಕುಸಿದು ಕೂತು ತಾವಾಗಿಯೇ ಹೇಳುತ್ತಾರೆ.

"ಬರಸಿಲ್ಲರಿ. ಡಾಕ್ಟರಮ್ಮ ಸುಳ್ಳು ಹೇಳಂಗಿಲ್ಲ, ನನಗ ಗೊತ್ತೈತಿ. ಆದ್ರ ನಮ್ಮಜ್ಜಿ ಹೇಳಿದ ಕೆರಿ ಕಥಿನೂ ಕಿವ್ಯಾಗ ಐತಲ್ಲರಿ. ಮಗಳದು ಕಾಸಿ ನೋಡಾಕೂ ಕೈ ಬಂದಿಲ್ಲ. ಗಟ್ಟಿ ಕಟ್ಟಿತು ಅಂದ್ರ ಹೆಸರು ಕೊಡಬೇಕಾಕ್ಕೈತಿ."

ಊರ ಹೆಣ್ಣುಮಕ್ಕಳ ಹೆಸರು ಕೇಳುತ್ತ ತಿರುಗುವವರು ತಮ್ಮ ಮಗಳನ್ನು ಮನೆಯಲ್ಲಿ ಬಚ್ಚಿಟ್ಟಿದ್ದಾರೆ. ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಶಂಕುಸ್ಥಾಪನೆಯ ದಿನ ನನ್ನ ಹೆಂಡತಿ ತನ್ನ ಬಸುರಿ ತಂಗಿಯನ್ನು ಹೊಸಪೇಟೆಗೆ ಬರಬೇಡವೆಂದು ತಡೆದಾಗ ನಾನೂ ಸುಮ್ಮನಿದ್ದೆ.

ಮರುದಿನ ನಸುಕಿನಲ್ಲಿ ಅದೇ ಬೇವಿನ ಕಟ್ಟೆ. ಈ ಸಲ ಸುಂಕಮ್ಮ ಬಾಡಿಗೆ ಗಾಡಿಯಲ್ಲಿ ಬಂದಿದ್ದಾರೆ. ಗಾಡಿಯಿಂದ ಅವರ ಮಗಳು ಹೊಟ್ಟೆ ಹಿಡಿದುಕೊಂಡು ಇಳಿಯುತ್ತಾಳೆ. ಜನ ಸೇರುತ್ತಾರೆ. ಸುಂಕಮ್ಮ ಆಸ್ಪತ್ರೆಯ ಚೀಟಿಯನ್ನು ನನ್ನ ಕೈಗಿಟ್ಟು ಮಗಳ ಹೆಸರನ್ನು ಇಡೀ ಓಣಿಗೆ ಕೇಳುವಂತೆ ಹೇಳುತ್ತಾರೆ. ನಾನು ಬರೆದುಕೊಳ್ಳುತ್ತೇನೆ. ಆಮೇಲೆ ಮಗಳ ನಳಿಗೆ ದೀಪದ ಮೇಲೆ ಬರುತ್ತದೆ. ಸುಂಕಮ್ಮ ಕಣ್ಣು ಮುಚ್ಚಿಕೊಂಡೇ ಹಿಡಿದಿದ್ದಾರೆ. ತಿಳಿಯಾಗಿದೆ ಎಂದು ಮೊದಲು ಹೇಳಿದವರು ಮುದುಕಮ್ಮ.

ಹೇಳಿದವರು ಅಲ್ಲಿ ನಿಲ್ಲದೆ ಒಳಗೆ ಹೋದರು. ಗಾದಿಲಿಂಗಪ್ಪ ಬಡಿಗೆ ಬಿಟ್ಟು ಹೆಂಡತಿಯನ್ನು ಎತ್ತಿಕೊಂಡು ಬಂದ. ಮುಖ ಊದಿ ಕಣ್ಣು ಸಣ್ಣಗಾಗಿವೆ, ಕಾಲುಂಗುರ ಮಾಂಸದೊಳಗೆ ಹೂತುಹೋಗಿದೆ. ಕಣ್ಣ ಮುಂದೆ ಮಿಣುಕುಹುಳ ಹಾರುತ್ತಿವೆ ಎನ್ನುತ್ತಾಳೆ. ನೀರು ಕಾಯಿಸಿ ನೋಡುವ ಹೊತ್ತಲ್ಲ ಅದು. ಇಬ್ಬರು ಬಸುರಿಯರನ್ನೂ ಅಕ್ಕಪಕ್ಕ ಮಲಗಿಸಿ ಗಾಡಿ ಹೊಡೆದೆವು. ಮುದುಕಮ್ಮನೂ ಹತ್ತಿದರು. ಹೊಸಪೇಟೆಯಲ್ಲಿ ಒಂದು ದಾರಿ ಆಸ್ಪತ್ರೆಗೂ ಇನ್ನೊಂದು ಅಣೆಕಟ್ಟಿಗೂ ಒಡೆಯುವಲ್ಲಿ ಅವರು ಸೊಸೆಯ ಮೇಲೆ ಅಡ್ಡ ಬಿದ್ದು ತಬ್ಬಿಕೊಂಡರು. ಎತ್ತುಗಳು ಆಸ್ಪತ್ರೆಯ ಕಡೆ ತಿರುಗಿದ ಮೇಲೂ ಬಿಡಲಿಲ್ಲ.

ಇದನ್ನು ಬರೆಯುವಾಗ ಆ ಸೊಸೆ ಆಸ್ಪತ್ರೆಯಲ್ಲಿ, ಬೆಳಕು ಬಿದ್ದರೆ ಸೆಳೆತ ಬಂದೀತೆಂದು ಕತ್ತಲೆ ಮಾಡಿದ ಕೋಣೆಯಲ್ಲಿ ಮಲಗಿದ್ದಾಳೆ. ಉಪ್ಪು ಬಿಡಿಸಿದ್ದಾರೆ, ಔಷಧ ಕೊಟ್ಟಿದ್ದಾರೆ. ಸೆಳೆತ ಬಂದಿಲ್ಲ, ಬರುವುದೇ ಇಲ್ಲವೆಂದು ಡಾಕ್ಟರಮ್ಮ ಹೇಳುವುದಿಲ್ಲ. ಅವಳಿಗೆ ಏನಾದರೂ ಆದರೆ ಬುಕ್ಕಸಾಗರದಲ್ಲಷ್ಟೇ ಅಲ್ಲ, ಈ ಸೀಮೆಯ ಯಾವ ಊರಲ್ಲೂ ಇನ್ನು ಬಾಗಿಲು ತೆರೆಯುವುದಿಲ್ಲ. ಸುಂಕಮ್ಮ ಕೋಣೆಯ ಹೊರಗೆ ಕೂತು ಉಸಿರಾಟ ಆಲಿಸುತ್ತಿದ್ದಾರೆ. ನಿಮಗೇನು ಆಸೆ ಎಂದು ಕೇಳಿದೆ.

"ಹೊಳಿಗೆ ಕಟ್ಟಿ ಏಳಲಿ ನೋಡ್ರಿ. ನನ್ನ ಮಗಳು, ಈ ಸೊಸಿ, ಇಬ್ರೂ ಬಗಲಾಗ ಕೂಸು ಹೊತ್ತು ಅದರ ಮ್ಯಾಲೆ ನಡೀಬೇಕು. ಮಂದಿ ಕೆಳಗ ನಿಂತು ನೋಡಬೇಕು."

ಇನ್ನೊಂದು ಮಾತು ಹೇಳಲು ಅವರು ನನ್ನನ್ನು ಮೆಟ್ಟಿಲವರೆಗೆ ಹಿಂಬಾಲಿಸಿ ಬಂದರು. ಈ ಲೇಖನದಲ್ಲಿ ಆ ಇಬ್ಬರು ಹುಡುಗಿಯರ ಹೆಸರು ಇಲ್ಲದಿರುವುದಕ್ಕೆ ಆ ಮಾತೇ ಕಾರಣ.

"ಡಾಕ್ಟರಮ್ಮಗ ಕೊಟ್ಟೀನಿ, ಸಾಕು. ಪೇಪರಿನ್ಯಾಗ ಈಗ ಬರೀಬ್ಯಾಡ್ರಿ. ಕೂಸು ಅತ್ತ ಮ್ಯಾಲೆ ಬರೀರಿ."